ಬಾರದ ಸಾಂಕ್ರಾಮಿಕಕ್ಕೆ ದೇಶಕ್ಕೆಲ್ಲ ಚುಚ್ಚುಮದ್ದು: 1976ರಲ್ಲಿ ಅಮೆರಿಕ ಎಡವಿದ್ದೆಲ್ಲಿ?

1976ರ ಫೆಬ್ರವರಿ ಮೊದಲ ವಾರ. ಅಮೆರಿಕದ ನ್ಯೂಜೆರ್ಸಿಯ ಫೋರ್ಟ್ ಡಿಕ್ಸ್ ಸೇನಾ ಶಿಬಿರದಲ್ಲಿ ಹೊಸದಾಗಿ ಸೇರಿದ್ದ ಹುಡುಗರಿಗೆ ಜ್ವರ, ಕೆಮ್ಮು. ಚಳಿಗಾಲದಲ್ಲಿ, ಅದೂ ನೂರಾರು ಜನ ಒಟ್ಟಿಗೆ ಮಲಗುವ ಬ್ಯಾರಕ್ಕಿನಲ್ಲಿ, ಇದೆಲ್ಲ ಮಾಮೂಲಿ. 19 ವರ್ಷದ ಒಬ್ಬ ಸೈನಿಕ ಮಾತ್ರ ಹುಷಾರಿಲ್ಲದಿದ್ದರೂ ಹಾಸಿಗೆಯಿಂದ ಎದ್ದು ತರಬೇತಿಯ ರಾತ್ರಿ ನಡಿಗೆಗೆ ಹೊರಟ. ಕುಸಿದು ಬಿದ್ದ. ಸತ್ತೇಹೋದ.

ಗಂಟಲಿನಿಂದ ತೆಗೆದ ಮಾದರಿಗಳು ಅಟ್ಲಾಂಟಾದಲ್ಲಿರುವ ರೋಗ ನಿಯಂತ್ರಣ ಕೇಂದ್ರಕ್ಕೆ, ಅಂದರೆ ಸಿಡಿಸಿಗೆ, ಹೋದವು. ಕೆಲವದರಲ್ಲಿ ಸಿಕ್ಕಿದ್ದು ಹಂದಿಗಳಲ್ಲಿ ಕಾಣುವ ಫ್ಲೂ ವೈರಸ್. ಹಂದಿಗಳಿಂದ ದೂರವಿದ್ದ ಹುಡುಗರಿಗೂ ಅದು ಅಂಟಿತ್ತು ಅಂದರೆ ಮನುಷ್ಯನಿಂದ ಮನುಷ್ಯನಿಗೆ ಹರಡುತ್ತಿದೆ ಅಂತ ಅರ್ಥ. 1918ರ ಮಹಾ ಫ್ಲೂಗೂ ಇದೇ ಜಾತಿಯ ವೈರಸ್ ಕಾರಣ ಅನ್ನುವುದು ಆಗಿನ ವಿಜ್ಞಾನಿಗಳ ನಂಬಿಕೆ. ಆ ಫ್ಲೂ ಅಮೆರಿಕದಲ್ಲೇ ಸುಮಾರು 6.75 ಲಕ್ಷ ಜನರನ್ನು ಕೊಂದಿತ್ತು. ನಮ್ಮ ದೇಶದಲ್ಲಿ ಸತ್ತವರು ಕೋಟಿಗೂ ಜಾಸ್ತಿ. ಐವತ್ತು ವರ್ಷ ದಾಟದ ಯಾರ ಮೈಯಲ್ಲೂ ಇದರ ವಿರುದ್ಧ ರೋಗನಿರೋಧಕ ಶಕ್ತಿ ಇಲ್ಲ ಅನ್ನುವುದು ಇನ್ನೊಂದು ಭಯ.

ಇಷ್ಟು ಒಂದು ಕಡೆ. ಇನ್ನೊಂದು ಕಡೆ ಲೆಕ್ಕ ನೋಡಿ. ಒಂದು ಸಾವು. ಖಚಿತವಾಗಿ ಕಾಯಿಲೆ ಬಿದ್ದವರು ಹದಿಮೂರು ಜನ. ರಕ್ತಪರೀಕ್ಷೆ ಮಾಡಿದಾಗ ಸೋಂಕು ತಗುಲಿ ಹೋಗಿದ್ದು ಕಂಡದ್ದು ಸುಮಾರು 200 ಮಂದಿಗೆ. ಶಿಬಿರದ ಬೇಲಿ ದಾಟಿ ಹೊರಗೆ ಒಬ್ಬರಿಗೂ ಬಂದಿರಲಿಲ್ಲ.

ಈ ಎರಡನ್ನೂ ಕೈಯಲ್ಲಿ ಹಿಡಿದು ಒಂದು ದೇಶ ಏನು ಮಾಡಬೇಕು? ಕೊರೊನಾ ಕಾಲದಲ್ಲಿ ಯಾವ ನಾಯಕ ಗಟ್ಟಿಗ, ಯಾರು ಪುಕ್ಕಲ, ಯಾರು ವಿಜ್ಞಾನಿಗಳ ಮಾತು ಕೇಳಿದರು ಅಂತೆಲ್ಲ ನಾವು ಚರ್ಚೆ ಮಾಡಿದ್ದೇ ಮಾಡಿದ್ದು. ನನಗೇನೋ ಆ ಪ್ರಶ್ನೆಗಳಿಗಿಂತ 1976ರ ಈ ಕಥೆಯೇ ಜಾಸ್ತಿ ಕಲಿಸುತ್ತದೆ ಅನಿಸುತ್ತದೆ. ಇಲ್ಲಿ ನಾಯಕ ವಿಜ್ಞಾನಿಗಳ ಮಾತು ಕೇಳಿದ. ತಡಮಾಡಲಿಲ್ಲ. ದುಡ್ಡನ್ನೂ ಬಿಚ್ಚಿದ. ಆದರೂ ಕೆಟ್ಟಿತು.

ಮೊದಲು ಗಡಿಯಾರದ ವಿಷಯ. ಆಗ ಫ್ಲೂ ಲಸಿಕೆಯ ವೈರಸ್ಸನ್ನು ಬೆಳೆಸುತ್ತಿದ್ದುದು ಕೋಳಿಮೊಟ್ಟೆಯಲ್ಲಿ. ಕೋಟಿಗಟ್ಟಲೆ ಮೊಟ್ಟೆ ಬೇಕು, ತಿಂಗಳುಗಟ್ಟಲೆ ಸಮಯ ಬೇಕು. ಮುಂದಿನ ಚಳಿಗಾಲಕ್ಕೆ ಲಸಿಕೆ ಸಿದ್ಧವಾಗಬೇಕಾದರೆ ಮಾರ್ಚ್‌ನಲ್ಲೇ ಕಂಪನಿಗಳಿಗೆ ಹೇಳಬೇಕು. 1968ರಲ್ಲಿ ಹಾಂಕಾಂಗ್ ಫ್ಲೂ ಬಂದಾಗ ಲಸಿಕೆ ತಯಾರಾಗುವಷ್ಟರಲ್ಲಿ ರೋಗ ಊರೆಲ್ಲ ಸುತ್ತಿ ಮುಗಿಸಿತ್ತು. ಆ ಕಹಿ ಎಲ್ಲರಿಗೂ ನೆನಪಿತ್ತು. ಸಿಡಿಸಿ ನಿರ್ದೇಶಕ ಡೇವಿಡ್ ಸೆನ್ಸರ್ ಅವರಿಗಂತೂ ಇನ್ನೊಮ್ಮೆ ಹಾಗಾಗಬಾರದು ಅನ್ನುವ ಹಟ. ಮಾರ್ಚ್ ಮಧ್ಯದಲ್ಲಿ ಅವರು ಮೇಲಿನವರಿಗೆ ಒಂದು ಟಿಪ್ಪಣಿ ಕಳಿಸಿದರು. ದೇಶದ ಪ್ರತಿಯೊಬ್ಬರಿಗೂ ಲಸಿಕೆ ಹಾಕಬೇಕು ಅನ್ನುವುದು ಅದರ ಸಾರ.

ಈ ಟಿಪ್ಪಣಿ ಒಂದೊಂದೇ ಮೆಟ್ಟಿಲು ಹತ್ತಿದ್ದು ನೋಡಬೇಕು. ಸರ್ಕಾರಿ ಕಚೇರಿಯಲ್ಲಿ ಕಡತ ಹೇಗೆ ಓಡಾಡುತ್ತದೆ ಅಂತ ಬಲ್ಲವರಿಗೆ ಇದು ಹೊಸದೇನಲ್ಲ. ವಿಜ್ಞಾನಿಗಳನ್ನು ಒಬ್ಬೊಬ್ಬರಾಗಿ ಕೇಳಿದ್ದರೆ, ಸಾಂಕ್ರಾಮಿಕ ಬರುವ ಸಾಧ್ಯತೆ ನೂರಕ್ಕೆ 2ರಿಂದ 20ರೊಳಗೆ ಇದೆ ಅನ್ನುತ್ತಿದ್ದರು. ಯಾರೂ ಕೇಳಲಿಲ್ಲ. ಅವರೂ ಬಾಯಿಬಿಟ್ಟು ಹೇಳಲಿಲ್ಲ. ಸೆನ್ಸರ್ ಅವರ ಟಿಪ್ಪಣಿಯಲ್ಲಿ ಅದು 'ಬಲವಾದ ಸಾಧ್ಯತೆ' ಆಯಿತು. ಆರೋಗ್ಯ ಇಲಾಖೆಯ ಕಾರ್ಯದರ್ಶಿ ಡೇವಿಡ್ ಮ್ಯಾಥ್ಯೂಸ್ ಅದನ್ನು ಬಜೆಟ್ ನೋಡಿಕೊಳ್ಳುವವರಿಗೆ ದಾಟಿಸುವಾಗ, ಈ ವೈರಸ್ ಈ ವರ್ಷ 10 ಲಕ್ಷ ಅಮೆರಿಕನ್ನರನ್ನು ಕೊಲ್ಲುತ್ತದೆ ಅಂತ ಅಂದಾಜಿದೆ ಎಂದು ಬರೆದರು. ಪ್ರಯೋಗಾಲಯದಲ್ಲಿ 'ಬಂದರೂ ಬರಬಹುದು' ಅಂತಿದ್ದದ್ದು ಅಧ್ಯಕ್ಷರ ಮೇಜಿನ ಹತ್ತಿರ ಬರುವಷ್ಟರಲ್ಲಿ 'ಕೊಲ್ಲುತ್ತದೆ' ಆಗಿತ್ತು. ನಡುವೆ ಯಾರೂ ಸುಳ್ಳು ಹೇಳಿರಲಿಲ್ಲ. ಮೇಲಿನವರು ಕೆಲಸಕ್ಕೆ ಇಳಿಯಲಿ ಅಂತ ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ ಒತ್ತಿ ಹೇಳಿದ್ದರು, ಅಷ್ಟೇ.

ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಸ್ಥಿತಿ ಅತ್ತ ದರಿ ಇತ್ತ ಪುಲಿ. ಅವರು ಚುನಾವಣೆ ಗೆದ್ದು ಬಂದವರಲ್ಲ. ನಿಕ್ಸನ್ ರಾಜೀನಾಮೆ ಕೊಟ್ಟಾಗ ಕುರ್ಚಿ ಹತ್ತಿದವರು. ಈಗ ಚುನಾವಣೆಯ ವರ್ಷ. ಸ್ವಂತ ಪಕ್ಷದಲ್ಲೇ ರೊನಾಲ್ಡ್ ರೇಗನ್ ಬೆನ್ನು ಹತ್ತಿದ್ದರು. ಮಾರ್ಚ್ 23ರಂದು ನಾರ್ತ್ ಕ್ಯಾರೊಲಿನಾದ ಪಕ್ಷದೊಳಗಿನ ಚುನಾವಣೆಯಲ್ಲಿ ಫೋರ್ಡ್ ಸೋತರು. ಲಸಿಕೆಯ ಸಭೆ ನಡೆದದ್ದು ಮರುದಿನ. ಬೇಡ ಅಂದು, ಆಮೇಲೆ ರೋಗ ಬಂದರೆ? ಆ ಟಿಪ್ಪಣಿ ಪತ್ರಿಕೆಗಳ ಕೈಗೆ ಸಿಗದೆ ಇರುತ್ತದಾ? ಬೇಕು ಅಂದು, ರೋಗ ಬರದಿದ್ದರೆ ದುಡ್ಡು ಹಾಳು, ಅಷ್ಟೇ ತಾನೆ ಅಂತ ಎಲ್ಲರಿಗೂ ಅನಿಸಿತು. ಹಾಗಂತ ಫೋರ್ಡ್ ಮತಕ್ಕಾಗಿ ನಾಟಕ ಆಡಿದರು ಅಂತ ಹೇಳುವುದು ಅನ್ಯಾಯ. ತಜ್ಞರು ಒಂದೇ ದನಿಯಲ್ಲಿ ಹೇಳುವಾಗ ಬೇಡ ಅನ್ನಲು ಅವರಿಗೆ ಆಧಾರವೇ ಇರಲಿಲ್ಲ.

ಮಾರ್ಚ್ 24ರಂದು ಶ್ವೇತಭವನದ ಸಂಪುಟ ಕೊಠಡಿಯಲ್ಲಿ ತಜ್ಞರು ಸೇರಿದರು. ಪೋಲಿಯೊ ಲಸಿಕೆಯ ಜೋನಸ್ ಸಾಲ್ಕ್ ಇದ್ದರು. ಪೋಲಿಯೊ ಹನಿಯ ಆಲ್ಬರ್ಟ್ ಸೇಬಿನ್ ಇದ್ದರು. ಒಬ್ಬರನ್ನೊಬ್ಬರು ಕಂಡರೆ ಆಗದ ಇವರಿಬ್ಬರೂ ಒಂದೇ ಮಾತು ಹೇಳುತ್ತಿದ್ದಾರೆ ಅಂದಮೇಲೆ ಯಾರಿಗೆ ಅನುಮಾನ ಬಂದೀತು? ಒಪ್ಪಿಗೆ ಇರುವವರು ಕೈ ಎತ್ತಿ ಅಂದರು ಫೋರ್ಡ್. ಎಲ್ಲ ಕೈಗಳೂ ಮೇಲೆದ್ದವು. ಭಿನ್ನಾಭಿಪ್ರಾಯ ಇದ್ದರೆ ಹೇಳಿ ಅಂದರು. ಮೌನ. ಎಲ್ಲರ ಮುಂದೆ ಹೇಳಲು ಸಂಕೋಚ ಇದ್ದರೆ ನಾನು ಕೆಲವು ನಿಮಿಷ ನನ್ನ ಕಚೇರಿಯಲ್ಲಿ ಇರುತ್ತೇನೆ, ಒಬ್ಬರೇ ಬಂದು ಹೇಳಿ ಅಂತಲೂ ಅಂದರು. ಯಾರೂ ಹೋಗಲಿಲ್ಲ. ಸಾಲ್ಕ್ ಮತ್ತು ಸೇಬಿನ್ ಇಬ್ಬರನ್ನೂ ಜೊತೆಗಿಟ್ಟುಕೊಂಡು ಫೋರ್ಡ್ ಪತ್ರಕರ್ತರ ಮುಂದೆ ಬಂದರು. ದೇಶದ ಪ್ರತಿ ಗಂಡಸು, ಹೆಂಗಸು, ಮಗುವಿಗೂ ಲಸಿಕೆ, ಅದಕ್ಕೆ 13.5 ಕೋಟಿ ಡಾಲರ್. ಹೀಗೆಂದು ಘೋಷಿಸಿದರು.

ನಾಯಕ ಇದಕ್ಕಿಂತ ಚೆನ್ನಾಗಿ ಕೇಳಲು ಸಾಧ್ಯವಾ? ಸಾಧ್ಯವಿತ್ತು. ಅವರು ಕೇಳಿದ್ದು ಒಪ್ಪುತ್ತೀರಾ ಇಲ್ಲವಾ ಅಂತ. ಕೇಳಬೇಕಾಗಿದ್ದು ಬೇರೆಯೇ ಇತ್ತು: ಸಾಧ್ಯತೆ ನೂರಕ್ಕೆ ಎಷ್ಟು? ಇವತ್ತೇ ತೀರ್ಮಾನ ಆಗಬೇಕಾದದ್ದು ಯಾವುದು, ಕಾಯಬಹುದಾದದ್ದು ಯಾವುದು? ಯಾವ ಸುದ್ದಿ ಬಂದರೆ ನಾವು ನಿಲ್ಲಿಸುತ್ತೇವೆ?

ಇಡೀ ಪ್ರಕರಣದ ಗಂಟು ಇರುವುದು ಎರಡನೇ ಪ್ರಶ್ನೆಯಲ್ಲಿ. ಮಾರ್ಚ್‌ನಲ್ಲಿ ತುರ್ತಾಗಿ ಬೇಕಾಗಿದ್ದದ್ದು ಲಸಿಕೆ ತಯಾರಿಸುವ ತೀರ್ಮಾನ ಮಾತ್ರ. ಅದನ್ನು ಜನರ ತೋಳಿಗೆ ಚುಚ್ಚುವ ತೀರ್ಮಾನಕ್ಕೆ ಅಕ್ಟೋಬರ್‌ವರೆಗೂ ಟೈಮ್ ಇತ್ತು. ಕೊಡೆ ಕೊಂಡಿಟ್ಟುಕೊಳ್ಳುವುದು ಬೇರೆ, ಮೋಡ ಕಂಡ ಕೂಡಲೇ ಬಿಚ್ಚಿ ಹಿಡಿದು ಓಡಾಡುವುದು ಬೇರೆ. ಸಿಡಿಸಿಯ ಸಲಹಾ ಸಮಿತಿಯಲ್ಲಿದ್ದ ರಸೆಲ್ ಅಲೆಕ್ಸಾಂಡರ್ ಅನ್ನುವವರು ಮಾರ್ಚ್ 10ರ ಸಭೆಯಲ್ಲೇ ಇದನ್ನು ಎತ್ತಿದ್ದರು: ತಯಾರಿ ಎಲ್ಲಿಗೆ ಮುಗಿಯುತ್ತದೆ, ಬಳಕೆ ಎಲ್ಲಿಂದ ಶುರುವಾಗುತ್ತದೆ? ಮೆತ್ತಗೆ ಮಾತಾಡುವ ಮನುಷ್ಯನಂತೆ. ಮಾತು ಅಲ್ಲೇ ತೇಲಿಹೋಯಿತು. ಅದಕ್ಕೆ ಉತ್ತರವಾಗಿ ಬಂದ ವಾದವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಫ್ಲೂ ವಿಮಾನದಲ್ಲಿ ಓಡಾಡುತ್ತದೆ. ಗೋದಾಮಿನಲ್ಲಿರುವ ಲಸಿಕೆಯನ್ನು 21 ಕೋಟಿ ಜನಕ್ಕೆ ತಲುಪಿಸಲು ವಾರಗಳು ಬೇಕು. ತೋಳಿಗೆ ಹೋದಮೇಲೂ ರಕ್ಷಣೆ ಬರಲು ಎರಡು ವಾರ ಬೇಕು. ಸರಿಯಾದ ವಾದವೇ. ಆದರೆ ಎಂದಿಗೂ ಕಾಯಕೂಡದು ಅಂತ ಅದು ಸಾಬೀತು ಮಾಡುವುದಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಸುದ್ದಿಗಳು ಒಂದೊಂದಾಗಿ ಬಂದವು. ಜೂನ್‌ನಿಂದ ಆಗಸ್ಟ್ ದಕ್ಷಿಣ ಗೋಳಾರ್ಧದಲ್ಲಿ ಚಳಿಗಾಲ, ಫ್ಲೂ ಕಾಲ. ಅಲ್ಲಿ ಎಲ್ಲೂ ಹಂದಿ ಫ್ಲೂ ಕಾಣಿಸಿಕೊಳ್ಳಲಿಲ್ಲ. ಪ್ರಯೋಗದಲ್ಲಿ ಮಕ್ಕಳಿಗೆ ಒಂದು ಡೋಸ್ ಸಾಕಾಗುತ್ತಿಲ್ಲ ಅಂತ ಗೊತ್ತಾಯಿತು. ಒಂದು ಕಂಪನಿ ತಪ್ಪು ವೈರಸ್ ಹಾಕಿ ಲಸಿಕೆ ಮಾಡಿಬಿಟ್ಟಿತು! ಸ್ವತಃ ಸೇಬಿನ್ ಮನಸ್ಸು ಬದಲಿಸಿ, ಲಸಿಕೆ ದಾಸ್ತಾನು ಇಟ್ಟು ಕಾದು ನೋಡೋಣ ಅಂದರು. ಮಾರ್ಚ್‌ನಲ್ಲೇ 'ಆಗಸ್ಟ್ ಕೊನೆಯೊಳಗೆ ಎಲ್ಲೂ ಕಾಣಿಸದಿದ್ದರೆ ಲಸಿಕೆ ಗೋದಾಮಿಗೆ' ಅಂತ ಒಂದು ಸಾಲು ಬರೆದಿಟ್ಟಿದ್ದರೆ ಸಾಕಿತ್ತು. ಆ ಸಾಲು ಎಲ್ಲೂ ಇರಲಿಲ್ಲ. ಅದಕ್ಕೇ ಈ ಸುದ್ದಿಗಳಿಗೆ ಯಾವ ಬೆಲೆಯೂ ಬರಲಿಲ್ಲ.

ನಡುವೆ ವಿಮಾ ಕಂಪನಿಗಳು ತಕರಾರು ತೆಗೆದವು. ಇಷ್ಟು ಕೋಟಿ ಜನರಿಗೆ ಹಾಕುವ ಲಸಿಕೆಯ ಅಡ್ಡಪರಿಣಾಮದ ಹೊಣೆಗೆ ನಾವು ವಿಮೆ ಕೊಡಲ್ಲ ಅಂದವು. ಕೆಲಸ ನಿಂತೇಹೋಗುವ ಹಂತ ತಲುಪಿತ್ತು. ಅಷ್ಟರಲ್ಲಿ ಜುಲೈ ಕೊನೆಗೆ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದು ಹೋದವರು ಒಬ್ಬೊಬ್ಬರಾಗಿ ನ್ಯುಮೋನಿಯಾದಿಂದ ಸಾಯತೊಡಗಿದರು. ಹಂದಿ ಫ್ಲೂ ಬಂದೇಬಿಟ್ಟಿತು ಅಂತ ದೇಶ ನಡುಗಿತು. ಕೆಲವೇ ದಿನದಲ್ಲಿ ಇದು ಫ್ಲೂ ಅಲ್ಲ ಅಂತ ಪತ್ತೆಯಾಯಿತು. ಕಾರಣ ಒಂದು ಬ್ಯಾಕ್ಟೀರಿಯಾ. ಅದು ಸಿಕ್ಕಿದ್ದು ಮುಂದಿನ ಜನವರಿಯಲ್ಲಿ. ಆದರೆ ಭಯದ ಬಿಸಿ ಆರುವ ಮುಂಚೆಯೇ ಹೊಣೆಯೆಲ್ಲ ಸರ್ಕಾರದ್ದು ಅಂತ ಕಾನೂನು ಪಾಸಾಗಿತ್ತು. ಆಗಸ್ಟ್ 12ಕ್ಕೆ ಫೋರ್ಡ್ ಸಹಿ ಹಾಕಿದರು. ಬೇರೆ ರೋಗದ ಭಯ ಈ ಲಸಿಕೆಯ ಬಾಗಿಲು ತೆರೆಯಿತು.

ಅಕ್ಟೋಬರ್ 1ಕ್ಕೆ ಚುಚ್ಚುಮದ್ದು ಶುರು. ಹತ್ತೇ ದಿನದಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಒಂದೇ ಕಡೆ ಲಸಿಕೆ ಪಡೆದಿದ್ದ ಮೂವರು ವೃದ್ಧರು ಸತ್ತರು. ಹಲವು ರಾಜ್ಯಗಳು ಲಸಿಕೆ ನಿಲ್ಲಿಸಿದವು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ಪ್ರತಿ ಲಸಿಕಾ ಅಭಿಯಾನದಲ್ಲೂ ಇದೇ ಗೊಂದಲ. ವಯಸ್ಸಾದ ಲಕ್ಷಾಂತರ ಜನರಿಗೆ ಯಾವುದೇ ದಿನ ಬರೀ ಒಂದು ಲೋಟ ನೀರು ಕೊಟ್ಟರೂ ಮರುದಿನದೊಳಗೆ ಕೆಲವರಿಗೆ ಹೃದಯಾಘಾತ ಆಗಿಯೇ ಆಗುತ್ತದೆ. ಅದು ಆಗಬೇಕಿದ್ದದ್ದೇ. ಕೇಳಬೇಕಾದದ್ದು ಒಂದೇ: ಮಾಮೂಲಿಗಿಂತ ಜಾಸ್ತಿ ಆಯಿತಾ? ಪಿಟ್ಸ್‌ಬರ್ಗ್‌ನ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ಈ ಲೆಕ್ಕವನ್ನು ಅಧಿಕಾರಿಗಳು ಜನರಿಗೆ ಮೊದಲೇ ಹೇಳಿಟ್ಟಿರಲಿಲ್ಲ. ಸತ್ತಮೇಲೆ ಹೇಳಿದರೆ ನೆಪ ಹೇಳಿದ ಹಾಗೆ ಕೇಳಿಸುತ್ತದೆ. ಅಕ್ಟೋಬರ್ 14ರಂದು ಫೋರ್ಡ್ ಅಂಗಿ ತೋಳು ಮೇಲೇರಿಸಿ ಟಿವಿ ಕ್ಯಾಮೆರಾ ಮುಂದೆಯೇ ಲಸಿಕೆ ಹಾಕಿಸಿಕೊಂಡರು.

ನವೆಂಬರ್‌ನಲ್ಲಿ ಬಂದದ್ದು ಮಾತ್ರ ನಿಜವಾದ ತೊಂದರೆ. ಮಿನೆಸೋಟಾದಿಂದ ಗಿಯಾನ್-ಬಾರೆ ಅನ್ನುವ ನರರೋಗದ ವರದಿ ಬಂತು. ನಮ್ಮದೇ ರೋಗನಿರೋಧಕ ಶಕ್ತಿ ನಮ್ಮ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ ಇದು. ಕಾಲಿನಿಂದ ಬಲಹೀನತೆ ಶುರುವಾಗಿ ಮೇಲಕ್ಕೆ ಏರುತ್ತದೆ. ಬಹಳಷ್ಟು ಜನ ಗುಣವಾಗುತ್ತಾರೆ, ಕೆಲವರು ಸಾಯುತ್ತಾರೆ. ಈ ಸಲ ಲೆಕ್ಕ ಹಾಕಿದಾಗ ಮಾಮೂಲಿಗಿಂತ ಜಾಸ್ತಿಯೇ ಇತ್ತು: ಲಸಿಕೆ ಪಡೆದ ಪ್ರತಿ ಒಂದು ಲಕ್ಷ ಜನಕ್ಕೆ ಹೆಚ್ಚುವರಿಯಾಗಿ ಸುಮಾರು ಒಬ್ಬರು. ಸಾಂಕ್ರಾಮಿಕ ಊರಲ್ಲೆಲ್ಲ ಹಬ್ಬಿದ್ದರೆ ಲಕ್ಷಕ್ಕೆ ಒಬ್ಬರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ರೋಗವೇ ಇಲ್ಲದಾಗ ಲಕ್ಷಕ್ಕೆ ಒಬ್ಬರೂ ಜಾಸ್ತಿಯೇ. ಡಿಸೆಂಬರ್ 16ಕ್ಕೆ ಕಾರ್ಯಕ್ರಮ ನಿಂತಿತು. ಅಷ್ಟರಲ್ಲಿ 4 ಕೋಟಿಗೂ ಹೆಚ್ಚು ಜನ ಲಸಿಕೆ ಪಡೆದಿದ್ದರು. ಫೋರ್ಟ್ ಡಿಕ್ಸ್‌ನ ಆ ವೈರಸ್ ಮತ್ತೆ ಎಲ್ಲೂ ಹಬ್ಬಲಿಲ್ಲ. ಪರಿಹಾರದ ಅರ್ಜಿಗಳು ಸಾವಿರಗಟ್ಟಲೆ ಬಂದು, ವರ್ಷಗಟ್ಟಲೆ ನಡೆದವು. ಫೋರ್ಡ್ ನವೆಂಬರ್‌ನಲ್ಲೇ ಚುನಾವಣೆ ಸೋತಿದ್ದರು. ಅದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿದ್ದವು. ಸಿಡುಬನ್ನು ಅಳಿಸಿಹಾಕುವ ಕೆಲಸದಲ್ಲಿ ಸಿಡಿಸಿಯನ್ನು ದೊಡ್ಡ ಪಾಲುದಾರನನ್ನಾಗಿ ಮಾಡಿದ್ದ ಸೆನ್ಸರ್ ಅವರಿಗೆ 1977ರ ಫೆಬ್ರವರಿಯಲ್ಲಿ ಹೊಸ ಸರ್ಕಾರ ಮನೆಗೆ ಹೋಗಿ ಅಂದಿತು.

ಇದನ್ನೆಲ್ಲ ಓದಿ 'ನೋಡಿ, ಸುಮ್ಮನೆ ಗಾಬರಿಯಾದರು' ಅಂತ ತೀರ್ಪು ಕೊಟ್ಟರೆ ನಾನು ಒಪ್ಪಲ್ಲ. ಲಸಿಕೆ ತಯಾರಿಸಿದ್ದು ಸರಿ. ಏನೂ ಮಾಡದೆ ಕೂತು, ರೋಗ ಬಂದಿದ್ದರೆ ಆ ತಪ್ಪಿಗೆ ಕ್ಷಮೆಯೇ ಇರುತ್ತಿರಲಿಲ್ಲ.

ಏನೂ ಮಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಆಫ್ರಿಕಾ ಇದೆ. 1999ರಲ್ಲಿ ಥಾಬೊ ಎಂಬೆಕಿ ಅಧ್ಯಕ್ಷರಾದರು. ಮರುವರ್ಷದ ಹೊತ್ತಿಗೆ ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಬರುವ ಗರ್ಭಿಣಿಯರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಎಚ್‌ಐವಿ. ಎಂಬೆಕಿ ದಡ್ಡರಲ್ಲ, ಓದಿಕೊಂಡವರು. ಆದರೆ ಏಡ್ಸ್‌ಗೆ ಎಚ್‌ಐವಿ ವೈರಸ್ಸೇ ಕಾರಣವಾ ಅನ್ನುವ ಪ್ರಶ್ನೆ ಅವರ ತಲೆ ಹೊಕ್ಕಿತು. ಒಪ್ಪುವವರನ್ನೂ ಒಪ್ಪದವರನ್ನೂ ಸಮನಾಗಿ ಕೂರಿಸಿ ಒಂದು ಸಲಹಾ ಮಂಡಳಿ ಮಾಡಿದರು. ಕೇಳಲು ಎಷ್ಟು ನ್ಯಾಯವಾಗಿದೆ ಅಲ್ವಾ? ಆದರೆ ವಿಜ್ಞಾನ ಆ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಾಗಿತ್ತು. 2000ದ ಜುಲೈನಲ್ಲಿ ಡರ್ಬನ್‌ನ ಏಡ್ಸ್ ಸಮ್ಮೇಳನದ ಹೊತ್ತಿಗೆ 5,000ಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿ, ಎಚ್‌ಐವಿಯೇ ಕಾರಣ ಅಂತ ಸಾರಿ ಹೇಳಬೇಕಾಯಿತು. ಆರೋಗ್ಯ ಸಚಿವೆ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಹಣ್ಣಿನ ಗುಣಗಾನ ಮಾಡುತ್ತಿದ್ದರು.

ವಿಚಿತ್ರ ಏನು ಗೊತ್ತಾ? ಅದೇ ಸರ್ಕಾರ, ಅಗ್ಗದ ಔಷಧಿ ತರುವ ಕಾನೂನಿನ ವಿರುದ್ಧ ಕೋರ್ಟಿಗೆ ಹೋಗಿದ್ದ 39 ಔಷಧ ಕಂಪನಿಗಳನ್ನು 2001ರ ಏಪ್ರಿಲ್‌ನಲ್ಲಿ ಹಿಂದೆ ಸರಿಯುವಂತೆ ಮಾಡಿತ್ತು. ಅದಕ್ಕೆ ಎರಡು ತಿಂಗಳ ಮುಂಚೆ ನಮ್ಮ ಮುಂಬೈನ ಸಿಪ್ಲಾ ಕಂಪನಿ, ವರ್ಷಕ್ಕೆ 10 ಸಾವಿರ ಡಾಲರ್‌ಗೂ ಮೇಲಿದ್ದ ಚಿಕಿತ್ಸೆಯನ್ನು 350 ಡಾಲರಿಗೆ ಕೊಡುತ್ತೇನೆ ಅಂದಿತ್ತು. ಗೆದ್ದರು, ಆದರೆ ಗೆದ್ದದ್ದನ್ನು ಬಳಸಲಿಲ್ಲ. ಹೆರಿಗೆಯಲ್ಲಿ ತಾಯಿಗೆ ಒಂದು ಡೋಸ್, ಮಗುವಿಗೆ ಒಂದು ಡೋಸ್ ಕೊಟ್ಟರೆ ಮಗುವಿಗೆ ಸೋಂಕು ತಗಲುವುದನ್ನು ಅರ್ಧಕ್ಕೆ ಇಳಿಸುವ ನೆವಿರಪಿನ್ ಕೂಡ ಕೆಲವೇ ಆಯ್ದ ಕೇಂದ್ರಗಳಲ್ಲಿ ಸಿಗುತ್ತಿತ್ತು. ಕಡೆಗೆ 2002ರ ಜುಲೈನಲ್ಲಿ ಸಾಂವಿಧಾನಿಕ ನ್ಯಾಯಾಲಯ ಎಲ್ಲೆಡೆ ಕೊಡಿ ಅಂತ ಆದೇಶ ಮಾಡಬೇಕಾಯಿತು. ಈ ತಡದಿಂದ 2000ದಿಂದ 2005ರ ನಡುವೆ 3.3 ಲಕ್ಷಕ್ಕೂ ಹೆಚ್ಚು ಜೀವ ಹೋದವು ಅಂತ ಹಾರ್ವರ್ಡ್‌ನ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. ಫೋರ್ಡ್ ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ. ಎಂಬೆಕಿ ಮುಗಿದ ಪ್ರಶ್ನೆಯನ್ನೇ ಕೇಳುತ್ತಾ ಕೂತರು.

ನಮ್ಮಲ್ಲಿ? 2020ರ ಮಾರ್ಚ್ 24ರ ರಾತ್ರಿ 8ಕ್ಕೆ ಪ್ರಧಾನಿ ಟಿವಿಯಲ್ಲಿ ಬಂದರು; 12ರಿಂದ ದೇಶ ಬಂದ್, 21 ದಿನ. ದೇಶದಲ್ಲಿ ಆಗ ಪತ್ತೆಯಾಗಿದ್ದ ಪ್ರಕರಣಗಳು ಐನೂರರ ಆಸುಪಾಸು. ಬೇಗ ಮಾಡಿದ್ದರಲ್ಲಿ ತರ್ಕವಿತ್ತು, ಆಸ್ಪತ್ರೆಗಳಿಗೆ ಉಸಿರಾಡಲು ಸಮಯ ಬೇಕಿತ್ತು. ಆದರೆ ಇಲ್ಲೂ ಎರಡು ತೀರ್ಮಾನಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಜನ ಓಡಾಡಬಾರದು ಅನ್ನುವುದು ಒಂದು. ದಿನಗೂಲಿಯವರು ಇದ್ದಲ್ಲೇ ಹೇಗೆ ಬದುಕಬೇಕು ಅನ್ನುವುದು ಇನ್ನೊಂದು. ಮೊದಲನೆಯದು ನಾಲ್ಕು ಗಂಟೆಯಲ್ಲಿ ಜಾರಿಯಾಯಿತು. ಎರಡನೆಯದಕ್ಕೆ ಉತ್ತರ ಹುಡುಕುತ್ತಾ ಜನ ಹೆದ್ದಾರಿಯಲ್ಲಿ ನಡೆದರು. ಮೇ ಮೊದಲ ವಾರ ಬೆಂಗಳೂರಿನಲ್ಲಿ ಆದದ್ದು ನೆನಪಿರಬಹುದು: ಕಟ್ಟಡ ನಿರ್ಮಾಣದವರ ಜೊತೆ ಸಭೆ ಆದಮೇಲೆ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ರೈಲುಗಳನ್ನು ರದ್ದು ಮಾಡಿಸಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಮತ್ತೆ ಬಿಟ್ಟಿತು.

ಸಾಂಕ್ರಾಮಿಕಕ್ಕೆಂದೇ ಆಗ ಕೈಯಲ್ಲಿದ್ದ ಕಾನೂನು ಯಾವುದು ಅಂದರೆ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬೈಗೆ ಪ್ಲೇಗ್ ಬಂದಾಗ ಬ್ರಿಟಿಷರು ತರಾತುರಿಯಲ್ಲಿ ಮಾಡಿದ್ದು, ನಾಲ್ಕೇ ಸೆಕ್ಷನ್. ಅಧಿಕಾರಿಗೆ ಏನು ಮಾಡುವ ಹಕ್ಕಿದೆ ಅಂತ ಇದೆ. ಜನರಿಗೆ ಏನು ತಿಳಿಸಬೇಕು ಅಂತ ಇಲ್ಲ. ಕರ್ನಾಟಕ 2020ರಲ್ಲೇ ತನ್ನದೊಂದು ಹೊಸ ಕಾಯ್ದೆ ಮಾಡಿಕೊಂಡಿತು, ರೋಗ ಒಳಗೆ ಬಂದಮೇಲೆ.

ರೋಗ ಹೋದಮೇಲೆ, ಮುಂದಿನದು ಬರುವ ಮೊದಲೇ ಕೆಲಸ ಮಾಡಿಕೊಂಡ ದೇಶ ದಕ್ಷಿಣ ಕೊರಿಯಾ. 2015ರ ಮೇನಲ್ಲಿ ಮಧ್ಯಪ್ರಾಚ್ಯದಿಂದ ಮರಳಿದ ಒಬ್ಬರಿಂದ ಅಲ್ಲಿಗೆ ಮರ್ಸ್ ಅನ್ನುವ ಉಸಿರಾಟದ ರೋಗ ಬಂತು. ಹರಡಿದ್ದು ಹೆಚ್ಚಾಗಿ ಆಸ್ಪತ್ರೆಗಳಲ್ಲೇ. ಜನ ಗಾಬರಿಯಾಗುತ್ತಾರೆ ಅಂತ ಸರ್ಕಾರ ಎರಡು ವಾರಕ್ಕೂ ಹೆಚ್ಚು ಕಾಲ ಆ ಆಸ್ಪತ್ರೆಗಳ ಹೆಸರು ಹೇಳಲಿಲ್ಲ. ಹೆಸರು ಗೊತ್ತಿಲ್ಲದ ಜನ ಅದೇ ಆಸ್ಪತ್ರೆಗಳಿಗೆ ಹೋದರು. 186 ಜನಕ್ಕೆ ಸೋಂಕು, 38 ಸಾವು. ಆಮೇಲೆ ಕಾನೂನನ್ನೇ ತಿದ್ದಿದರು. ರೋಗಿ ಎಲ್ಲೆಲ್ಲಿ ಓಡಾಡಿದ ಅಂತ ಜನರಿಗೆ ತಿಳಿಸುವುದು ಸರ್ಕಾರದ ಕರ್ತವ್ಯವಾಯಿತು. ತುರ್ತು ಸಮಯದಲ್ಲಿ ಹೊಸ ಟೆಸ್ಟ್ ಕಿಟ್‌ಗೆ ಬೇಗ ಅನುಮತಿ ಕೊಡುವ ದಾರಿಯೂ ಬಂತು.

2020ರ ಜನವರಿ 27. ಚಾಂದ್ರಮಾನ ಹೊಸವರ್ಷದ ರಜೆ. ಇಡೀ ಕೊರಿಯಾದಲ್ಲಿ ಕೊರೊನಾ ಪ್ರಕರಣ ನಾಲ್ಕೇ. ಅಧಿಕಾರಿಗಳು ಸೋಲ್ ರೈಲು ನಿಲ್ದಾಣದ ಒಂದು ಸಭಾಕೊಠಡಿಗೆ 20ಕ್ಕೂ ಹೆಚ್ಚು ಕಂಪನಿಗಳವರನ್ನು ಕರೆಸಿದರು. ಟೆಸ್ಟ್ ಕಿಟ್ ಮಾಡಿ, ಅನುಮತಿ ತಕ್ಷಣ ಕೊಡುತ್ತೇವೆ ಅಂದರು. ಫೆಬ್ರವರಿ 4ಕ್ಕೆ ಮೊದಲ ಕಿಟ್‌ಗೆ ಅನುಮತಿ ಸಿಕ್ಕಿತು. ಫೆಬ್ರವರಿ ಮಧ್ಯದಲ್ಲಿ ಡೇಗು ನಗರದಲ್ಲಿ ರೋಗ ಸ್ಫೋಟಿಸಿದಾಗ ಪರೀಕ್ಷೆ ಮಾಡಲು ಕಿಟ್ ಇತ್ತು. ಸುಖಾಸುಮ್ಮನೆ ಹೊಗಳುತ್ತಿಲ್ಲ; ರೋಗಿಗಳ ಓಡಾಟವನ್ನು ಎಷ್ಟು ವಿವರವಾಗಿ ಪ್ರಕಟಿಸಿದರೆಂದರೆ ಹಲವರ ಖಾಸಗಿ ಬದುಕು ಬೀದಿಗೆ ಬಂತು, ಆಮೇಲೆ ಆ ನಿಯಮವನ್ನೂ ಬಿಗಿ ಮಾಡಬೇಕಾಯಿತು. ಆದರೂ ಆ ಏಪ್ರಿಲ್‌ನಲ್ಲಿ ನಡೆದ ಸಂಸತ್ ಚುನಾವಣೆಯಲ್ಲಿ ಅಧ್ಯಕ್ಷ ಮೂನ್ ಜೇ-ಇನ್ ಅವರ ಪಕ್ಷ ಭರ್ಜರಿಯಾಗಿ ಗೆದ್ದಿತು.

ಪ್ರತಿದಿನ ಟಿವಿ ಮುಂದೆ ಬಂದು ಲೆಕ್ಕ ಒಪ್ಪಿಸುತ್ತಿದ್ದವರು ಮೂನ್ ಅಲ್ಲ. ರೋಗ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥೆ ಜಂಗ್ ಉನ್-ಕ್ಯಾಂಗ್. ಮರ್ಸ್ ನಿಭಾಯಿಸುವಲ್ಲಿ ಎಡವಿದ್ದಕ್ಕೆ ಶಿಸ್ತುಕ್ರಮಕ್ಕೆ ಗುರಿಯಾಗಿದ್ದ ಅಧಿಕಾರಿಗಳಲ್ಲಿ ಅವರೂ ಒಬ್ಬರು. ಅಮೆರಿಕ ಸೆನ್ಸರ್ ಅವರನ್ನು ಮನೆಗೆ ಕಳಿಸಿತ್ತು. ಕೊರಿಯಾ ಈಕೆಯನ್ನು ಉಳಿಸಿಕೊಂಡು 2017ರಲ್ಲಿ ಅದೇ ಸಂಸ್ಥೆಯ ಮುಖ್ಯಸ್ಥೆಯನ್ನಾಗಿ ಮಾಡಿತು. 2025ರಲ್ಲಿ ಅವರು ಅಲ್ಲಿನ ಆರೋಗ್ಯ ಸಚಿವೆಯಾದರು.